ನನ್ನದು ಒ ಪಾಸಿಟಿವ್, ನನಗೇನಾಗುತ್ತದೆ?

(ಸಂಘದ ವೈದ್ಯಕೀಯ ನೆರವು ನಿಧಿಯ ಮಳೆಗಾಲದ ಸಭೆಯಲ್ಲಿ, ರಕ್ತನಿಧಿಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದ ನಮ್ಮ ಸದಸ್ಯ ವೈದ್ಯರೊಬ್ಬರು ಆಡಿದ ಮಾತುಗಳ ಬರಹರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ, "ಮಳೆ ಶುರುವಾಯಿತು, ಇನ್ನು ಡೆಂಗಿ ಬರುತ್ತದೆ, ರಕ್ತದಾನದ ಬಗ್ಗೆ ಎರಡು ಮಾತಾಡಿ" ಅಂದರು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡುವುದಿದೆ. ಐದಾರು ವರ್ಷಗಳಿಂದ ಸಂಘದ ಸಭೆಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಒಮ್ಮೆ ಕಾಚಿಗುಡ ರೈಲು ನಿಲ್ದಾಣದಲ್ಲಿ ಗಾಡಿ ಹೊರಡುವ ಹೊತ್ತಿಗೆ ಸಹ ನನ್ನನ್ನು ಹಿಡಿದು ನಿಲ್ಲಿಸಿ ಕೇಳಿದ ಪ್ರಶ್ನೆ. "ಡಾಕ್ಟ್ರೇ, ನನ್ನದು ಒ ಪಾಸಿಟಿವ್. ಒ ಗುಂಪಿನವರಿಗೆ ವೈರಸ್ ಏನೂ ಮಾಡಲ್ಲವಂತೆ, ಹೌದಾ?" ಎ ಗುಂಪಿನವರು ಇದೇ ಪ್ರಶ್ನೆಯನ್ನು ಅಳುಮೋರೆ ಹಾಕಿಕೊಂಡು ಕೇಳುತ್ತಾರೆ.

ಈ ಮಾತು ನಮ್ಮ ಸಂಘದೊಳಗೆ ಹಬ್ಬಿದ್ದಕ್ಕೆ ಕಾರಣ ನಾನೇ. ಅದನ್ನು ಎಲ್ಲರ ಮುಂದೆ ಹೇಳಬೇಕೆಂದು ಬಹಳ ದಿನದಿಂದ ಇತ್ತು.

2020ರ ಜೂನ್ ತಿಂಗಳು ನೆನಪಿಸಿಕೊಳ್ಳಿ. ಮಾರ್ಚ್ 2ರಂದು ತೆಲಂಗಾಣದ ಮೊದಲ ಕೊರೋನಾ ಪ್ರಕರಣ ವರದಿಯಾಗಿ, ಗಾಂಧಿ ಆಸ್ಪತ್ರೆ ಪೂರ್ತಿ ಕೋವಿಡ್ ಆಸ್ಪತ್ರೆಯಾಗಿ, ನಾವೆಲ್ಲ ಮನೆಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ ದಿನಗಳು. ಇಟಲಿ ಮತ್ತು ಸ್ಪೇನ್ ದೇಶಗಳ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಉಸಿರಾಟ ಕೈಕೊಟ್ಟ 1,610 ರೋಗಿಗಳ ಡಿಎನ್‌ಎ ನೋಡಿದ್ದರು. ಎ ಗುಂಪಿನವರಲ್ಲಿ ತೀವ್ರ ಕಾಯಿಲೆಯ ಸಂಭವ ಹೆಚ್ಚು, ಒ ಗುಂಪಿನವರಲ್ಲಿ ಕಡಿಮೆ ಎಂದು ಅದರಲ್ಲಿತ್ತು. ಬದುಕಿಡೀ ರಕ್ತದ ಗುಂಪು ನೋಡಿಕೊಂಡೇ ಅನ್ನ ತಿಂದವನಿಗೆ ಇಂಥ ಸುದ್ದಿ ಸಿಕ್ಕರೆ ಸುಮ್ಮನಿರಲು ಆಗುತ್ತದೆಯೇ? ಸಂಘದ ವಾಟ್ಸಾಪ್ ಗುಂಪಿಗೆ ಒಂದೇ ಸಾಲು ಹಾಕಿದೆ: "ಒ ಗುಂಪಿನವರಿಗೆ ಅಪಾಯ ಕಡಿಮೆ ಎಂದು ಹೊಸ ಅಧ್ಯಯನ." ಕೆಳಗೆ ನಲವತ್ತು ಕೈಮುಗಿದ ಚಿತ್ರಗಳು ಬಂದವು. ಎಷ್ಟು ಕಡಿಮೆ, ಯಾರಲ್ಲಿ ಕಡಿಮೆ, ಯಾವುದಕ್ಕೆ ಹೋಲಿಸಿ ಕಡಿಮೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಎರಡನೇ ಅಲೆ. ನಮ್ಮ ಒಬ್ಬ ಸದಸ್ಯರಿಗೆ ಜ್ವರ ಬಂತು. ಹೆಸರು ಬೇಡ, ಅವರ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ವಯಸ್ಸು ಅರವತ್ತರ ಹತ್ತಿರ, ಹಳೆಯ ಸಕ್ಕರೆ ಕಾಯಿಲೆ, ರಕ್ತದ ಗುಂಪು ಒ ಪಾಸಿಟಿವ್. ಏಳನೆಯ ದಿನ ರಾತ್ರಿ ಅವರ ಮಗ ನನಗೆ ಫೋನ್ ಮಾಡಿದ. ಬೆರಳಿಗೆ ಹಾಕುವ ಆ ಪುಟ್ಟ ಯಂತ್ರದಲ್ಲಿ 84 ತೋರಿಸುತ್ತಿದೆ, ಯಂತ್ರ ಕೆಟ್ಟಿದೆಯೇ ಅಂತ ಕೇಳಿದ. ಯಂತ್ರ ಕೆಟ್ಟಿರಲಿಲ್ಲ. ಏಳು ದಿನ ಯಾಕೆ ಸುಮ್ಮನಿದ್ದಿರಿ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಆ ಹುಡುಗ ಸಂಕೋಚದಿಂದ, "ಅಂಕಲ್, ಅಪ್ಪ ದವಾಖಾನೆಗೆ ಬರಲ್ಲ ಅಂತ ಹಟ ಹಿಡಿದಿದ್ದರು. ನಮ್ಮ ಡಾಕ್ಟ್ರೇ ಹೇಳಿದ್ದಾರೆ, ಒ ಗುಂಪಿಗೆ ಏನೂ ಆಗಲ್ಲ ಅಂತ" ಅಂದ.

ಹಾಸಿಗೆ ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಹನ್ನೊಂದನೆಯ ದಿನ ಅವರು ಹೋದರು. ಬೇಗ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಅವರ ಹೆಂಡತಿ ನನ್ನನ್ನು ಇವತ್ತಿಗೂ ಕೇಳಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತದೆ.

ಅವತ್ತು ನಾನು ಬರೆಯದೆ ಬಿಟ್ಟದ್ದನ್ನು ಇವತ್ತು ಪೂರ್ತಿ ಹೇಳುತ್ತೇನೆ.

ರಕ್ತದ ಗುಂಪು ಅಂದರೇನು? 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತಮ್ಮ ಮತ್ತು ಸಹೋದ್ಯೋಗಿಗಳ ರಕ್ತವನ್ನೇ ಒಂದಕ್ಕೊಂದು ಬೆರೆಸಿ ನೋಡಿ, ಕೆಲವು ಹೊಂದುತ್ತವೆ, ಕೆಲವು ಹಾಲು ಒಡೆದಂತೆ ಗಂಟುಕಟ್ಟುತ್ತವೆ ಎಂದು ಕಂಡುಕೊಂಡರು. ಗಂಟಿಗೆ ಕಾರಣ ಕೆಂಪು ಕಣದ ಮೈಮೇಲಿನ ಸಕ್ಕರೆಯ ಎಳೆಗಳು. ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ಅದೇ ಜಾತಿಯ ಸಣ್ಣ ಸಣ್ಣ ಅಣುಗಳು. ಬಾಗಿಲಿಗೆ ಕಟ್ಟುವ ತೋರಣ ಅಂದುಕೊಳ್ಳಿ. ಬರಿಯ ದಾರ ಎಲ್ಲರ ಬಾಗಿಲಲ್ಲೂ ಇದೆ. ಅದಕ್ಕೆ ಎಚ್ ಎಂದು ಹೆಸರು. ಕೆಲವರು ಅದಕ್ಕೆ ಮಾವಿನೆಲೆ ಕಟ್ಟುತ್ತಾರೆ, ಅವರು ಎ. ಕೆಲವರು ಚೆಂಡುಹೂ ಕಟ್ಟುತ್ತಾರೆ, ಅವರು ಬಿ. ಎರಡೂ ಕಟ್ಟಿದವರು ಎಬಿ. ಏನೂ ಕಟ್ಟದೆ ಬರಿಯ ದಾರ ಬಿಟ್ಟವರು ಒ. ನಮ್ಮ ದೇಶದಲ್ಲಿ ಒ ಮತ್ತು ಬಿ ಗುಂಪಿನವರೇ ಹೆಚ್ಚು, ಎಬಿಯವರು ನೂರಕ್ಕೆ ಹತ್ತರೊಳಗೆ. ಆರ್‌ಎಚ್ ನೆಗೆಟಿವ್‌ನವರು ನೂರಕ್ಕೆ ಐದು ಜನ ಅಷ್ಟೇ.

ಈ ತೋರಣ ರಕ್ತದಲ್ಲಿ ಮಾತ್ರ ಇಲ್ಲ, ಇದು ಬಹಳ ಜನಕ್ಕೆ ತಿಳಿಯದು. ಬಹುಪಾಲು ಜನರಲ್ಲಿ ಜೊಲ್ಲಿನಲ್ಲಿ, ಮೂಗು ಗಂಟಲಿನ ಒಳಪದರದಲ್ಲಿ, ಕರುಳಿನ ಗೋಡೆಯ ಮೇಲೆ ಸಹ ಇವೇ ಸಕ್ಕರೆಗಳು ಇರುತ್ತವೆ. ವೈರಸ್ ಒಳಗೆ ಬರುವುದು ಆ ಬಾಗಿಲುಗಳಿಂದಲೇ ತಾನೇ? ಆದ್ದರಿಂದ ರಕ್ತದ ಗುಂಪಿಗೂ ವೈರಸ್ಸಿಗೂ ಸಂಬಂಧ ಇದೆ ಎನ್ನುವುದು ಗಾಳಿಮಾತಲ್ಲ. ವಾಂತಿಭೇದಿ ತರುವ ನೋರೋವೈರಸ್ ಕರುಳಿನ ಈ ಸಕ್ಕರೆಯನ್ನು ಹಿಡಿದುಕೊಂಡೇ ಒಳಗೆ ಹೋಗುತ್ತದೆ. ಕರುಳಿನಲ್ಲಿ ಈ ಸಕ್ಕರೆ ಹೊರಡಿಸದ ಜನರಿಗೆ ಅದರ ಸಾಮಾನ್ಯ ತಳಿಗಳು ತಾಗುವುದೇ ಅಪರೂಪ. ಮಕ್ಕಳಿಗೆ ಭೇದಿ ತರುವ ರೋಟಾವೈರಸ್‌ನ ಹಲವು ತಳಿಗಳದ್ದೂ ಇದೇ ಕಥೆ. ಅದರ ವಿರುದ್ಧ ನಮ್ಮ ಜೀನೋಮ್ ವ್ಯಾಲಿಯ ಭಾರತ್ ಬಯೋಟೆಕ್ ತಯಾರಿಸಿದ ರೋಟಾವ್ಯಾಕ್ ಹನಿಯನ್ನು ನಿಮ್ಮ ಮೊಮ್ಮಕ್ಕಳು ಕುಡಿದಿರಬಹುದು.

ಕೊರೋನಾಕ್ಕೆ ಬರೋಣ. 2003ರಲ್ಲಿ ಸಾರ್ಸ್ ಬಂದಾಗಲೇ ಹಾಂಗ್‌ಕಾಂಗ್‌ನ ಆಸ್ಪತ್ರೆಯೊಂದರ ಸಿಬ್ಬಂದಿಯಲ್ಲಿ ಒ ಗುಂಪಿನವರಿಗೆ ಸೋಂಕು ಕಡಿಮೆ ತಗುಲಿದ್ದು ಕಂಡಿತ್ತು. ಒಂದು ವಿವರಣೆ ಹೀಗಿದೆ. ಒ ಗುಂಪಿನವರ ರಕ್ತದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯ ಇರುತ್ತದೆ. ಎ ಗುಂಪಿನವರ ಮೈಯಲ್ಲಿ ಬೆಳೆದ ವೈರಸ್ ಹೊರಡುವಾಗ ಆ ಮನೆಯ ಮಾವಿನೆಲೆ ಮೈಗೆ ಅಂಟಿಸಿಕೊಂಡು ಹೊರಡುತ್ತದೆ. ಒ ಗುಂಪಿನವರ ಮನೆಗೆ ಬಂದರೆ ಕಾವಲುಗಾರನಿಗೆ ಅದರ ಗುರುತು ಸಿಗುತ್ತದೆ. ಎರಡನೆಯದು ರಕ್ತ ಹೆಪ್ಪುಗಟ್ಟುವ ವಿಷಯ. ಒ ಗುಂಪಿನವರಲ್ಲಿ ಹೆಪ್ಪುಗಟ್ಟಿಸುವ ಒಂದು ಪ್ರೋಟೀನು ಉಳಿದವರಿಗಿಂತ ಸುಮಾರು ಕಾಲುಭಾಗ ಕಡಿಮೆ. ಕೊರೋನಾದಲ್ಲಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದೇ ದೊಡ್ಡ ತೊಂದರೆಯಾದ್ದರಿಂದ, ಈ ಕೊರತೆಯೇ ಅವರಿಗೆ ಲಾಭವಾಗಿರಬಹುದು. ಎರಡೂ ತರ್ಕಕ್ಕೆ ಹೊಂದುವ ಮಾತುಗಳೇ.

ಆದರೆ ಲಾಭ ಎಷ್ಟು? ಡೆನ್ಮಾರ್ಕ್ ದೇಶದಲ್ಲಿ ಪರೀಕ್ಷೆ ಮಾಡಿಸಿಕೊಂಡ 4,73,654 ಜನರ ರಕ್ತದ ಗುಂಪು ನೋಡಿದರು. ಸೋಂಕು ತಗುಲಿದವರಲ್ಲಿ ಒ ಗುಂಪಿನವರು ನೂರಕ್ಕೆ 38.4. ಆ ದೇಶದ ಸಾಮಾನ್ಯ ಜನರಲ್ಲಿ ಒ ಗುಂಪಿನವರು ನೂರಕ್ಕೆ 41.7. ಕೈಯಲ್ಲಿ ಲೆಕ್ಕ ಹಾಕಿ. ಹೆಚ್ಚುಕಡಿಮೆ 42 ಜನ ಇರಬೇಕಾದ ಕಡೆ 38 ಜನ ಇದ್ದರು. ವ್ಯತ್ಯಾಸ ನಿಜವೇ, ಸುಳ್ಳಲ್ಲ. ಆದರೆ ಆ 38 ಜನರೂ ಒ ಗುಂಪಿನವರೇ ಅಲ್ಲವೇ? ಅವರಿಗೂ ಸೋಂಕು ತಗುಲಿತ್ತಲ್ಲ! ಇನ್ನೂ ಮುಖ್ಯವಾದದ್ದು, ಸೋಂಕು ತಗುಲಿದ ಮೇಲೆ ಆಸ್ಪತ್ರೆ ಸೇರುವುದರಲ್ಲಾಗಲಿ ಸಾಯುವುದರಲ್ಲಾಗಲಿ ಗುಂಪು ಗುಂಪಿಗೆ ವ್ಯತ್ಯಾಸ ಅಲ್ಲಿ ಕಾಣಲಿಲ್ಲ. ಅಮೆರಿಕದ ಯೂಟಾ ಪ್ರಾಂತದಲ್ಲಿ ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ನೋಡಿದಾಗ ಸೋಂಕು ತಗುಲುವುದರಲ್ಲೂ ವ್ಯತ್ಯಾಸ ಸಿಗಲಿಲ್ಲ. ನಾನು ಹಂಚಿದ ಆ ಮೊದಲ ಅಧ್ಯಯನದಲ್ಲಿ ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತರಲ್ಲಿ ರಕ್ತದಾನಿಗಳೂ ಇದ್ದರು. ರಕ್ತದಾನಿಗಳಲ್ಲಿ ಒ ಗುಂಪಿನವರು ಎಲ್ಲ ಕಡೆಯೂ ಸ್ವಲ್ಪ ಹೆಚ್ಚೇ ಇರುತ್ತಾರೆ, ನಾವೇ ಅವರನ್ನು ಹುಡುಕಿ ಹುಡುಕಿ ಕರೆಯುತ್ತೇವಲ್ಲ. ರಕ್ತನಿಧಿಯಲ್ಲಿ ಕೆಲಸ ಮಾಡಿದವನಿಗೆ ಇದು ಮೊದಲು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಮ್ಮ ದೇಶದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ನಮ್ಮೂರಿನ ಸಿಸಿಎಂಬಿ, ಐಐಸಿಟಿ, ಎನ್‌ಜಿಆರ್‌ಐ ಎಲ್ಲ ಸೇರಿರುವ ಸಿಎಸ್‌ಐಆರ್ ಸಂಸ್ಥೆ ತನ್ನ ಪ್ರಯೋಗಾಲಯಗಳ ಸಿಬ್ಬಂದಿ ಮತ್ತು ಅವರ ಮನೆಯವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿತು. ನೂರಕ್ಕೆ ಹತ್ತು ಜನರಲ್ಲಿ ಕೊರೋನಾ ಪ್ರತಿಕಾಯ ಸಿಕ್ಕಿತು. ಒ ಗುಂಪಿನವರಲ್ಲಿ ಕಡಿಮೆ, ಸರಿ. ಆದರೆ ಯುರೋಪಿನಲ್ಲಿ ಅಪಾಯದವರು ಎನ್ನಿಸಿಕೊಂಡ ಎ ಗುಂಪಿನವರಲ್ಲೂ ಇಲ್ಲಿ ಕಡಿಮೆಯೇ! ಬಿ ಮತ್ತು ಎಬಿಯವರಲ್ಲಿ ಹೆಚ್ಚು. ಅದೇ ಪಟ್ಟಿಯಲ್ಲಿ ಸ್ವಂತ ವಾಹನದಲ್ಲಿ ಓಡಾಡುವವರಿಗೆ ಕಡಿಮೆ ಎಂದಿತ್ತು, ಅದು ಯಾರಿಗಾದರೂ ಅರ್ಥವಾಗುತ್ತದೆ. ಸಿಗರೇಟು ಸೇದುವವರಿಗೂ ಕಡಿಮೆ ಎಂದಿತ್ತು. ಹಾಗಂತ ನಾನು ಇಲ್ಲಿ ನಿಂತು ಸಿಗರೇಟು ಹಚ್ಚಿ ಎನ್ನಲೇ? ಇಂಥ ಪಟ್ಟಿಗಳು ಮುಂದೆ ಎಲ್ಲಿ ಹುಡುಕಬೇಕು ಎಂದು ವಿಜ್ಞಾನಿಗೆ ದಾರಿ ತೋರಿಸುತ್ತವೆ. ನಾಳೆ ಬೆಳಿಗ್ಗೆ ನೀವು ಏನು ಮಾಡಬೇಕು ಎಂದು ಹೇಳುವುದಿಲ್ಲ. ಅದೂ ಅಲ್ಲದೆ ಆ ಸಮೀಕ್ಷೆ ನೋಡಿದ್ದು ಸೋಂಕು ತಗುಲಿತ್ತೇ ಇಲ್ಲವೇ ಎಂದು ಮಾತ್ರ, ಕಾಯಿಲೆ ಎಷ್ಟು ಬಿಗಡಾಯಿಸಿತು ಎಂದಲ್ಲ.

ಇನ್ನೊಂದು ಸಂಗತಿ ಹಬ್ಸಿಗುಡದಿಂದಲೇ ಬಂದದ್ದು. ಇಟಲಿ ಸ್ಪೇನ್ ಅಧ್ಯಯನದಲ್ಲಿ ನಮ್ಮ ಡಿಎನ್‌ಎಯ ಎರಡು ಜಾಗಗಳು ಸಿಕ್ಕಿಬಿದ್ದಿದ್ದವು. ಒಂದು, ಒಂಬತ್ತನೆಯ ವರ್ಣತಂತುವಿನಲ್ಲಿರುವ ರಕ್ತಗುಂಪಿನ ಜಾಗ. ಇನ್ನೊಂದು, ಮೂರನೆಯ ವರ್ಣತಂತುವಿನಲ್ಲಿದ್ದು, ಅಪಾಯದ ಗುರುತಾಗಿ ಮೊದಲನೆಯದಕ್ಕಿಂತ ಬಲವಾದದ್ದು. ಆ ಎರಡನೆಯದು ಸಾವಿರಾರು ವರ್ಷಗಳ ಹಿಂದೆ ನಿಯಾಂಡರ್ತಾಲ್ ಮಾನವರಿಂದ ನಮಗೆ ಬಂದ ಬಳುವಳಿ ಎಂದು ಸ್ವಾಂಟೆ ಪಾಬೊ ಮತ್ತು ಹ್ಯೂಗೋ ಜೀಬರ್ಗ್ 2020ರಲ್ಲೇ ತೋರಿಸಿದರು. ದಕ್ಷಿಣ ಏಷ್ಯಾದ ಅರ್ಧದಷ್ಟು ಜನರಲ್ಲಿ ಅದು ಇದೆ, ಯುರೋಪಿನಲ್ಲಿ ನೂರಕ್ಕೆ ಹದಿನಾರು ಜನರಲ್ಲಿ. ಆ ಲೆಕ್ಕದಂತೆ ನಾವು ಪೂರ್ತಿ ಮುಳುಗಿಹೋಗಬೇಕಿತ್ತು. ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಜ್ಞಾನೇಶ್ವರ್ ಚೌಬೆ ಅವರ ತಂಡ ನಮ್ಮ ಭಾಗದ ಸೋಂಕು ಮತ್ತು ಸಾವಿನ ಅಂಕಿಗಳ ಜೊತೆ ಇಟ್ಟು ನೋಡಿದಾಗ, ಆ ತುಣುಕಿಗೂ ಇಲ್ಲಿನ ಸಾವಿಗೂ ಸಂಬಂಧ ಕಾಣುತ್ತಿಲ್ಲ ಎಂದು 2021ರಲ್ಲಿ ಬರೆದರು. ಇಟಲಿಯಲ್ಲಿ ಹೊಲಿದ ಅಂಗಿ ನಮ್ಮ ಮೈಗೆ ಹಾಗೇ ಕೂರುವುದಿಲ್ಲ. ಕೊರೋನಾ ಸುದ್ದಿಗಳಲ್ಲಿ ನಮ್ಮ ಪತ್ರಿಕೆಗಳು ಮೊದಲನೆಯದನ್ನು ದೊಡ್ಡದಾಗಿ, ಎರಡನೆಯದನ್ನು ಒಳಪುಟದಲ್ಲಿ ಹಾಕಿದವು ಎಂದು ನನ್ನ ದೂರು. ನಾನೂ ಅದನ್ನೇ ಮಾಡಿದವನಾದ್ದರಿಂದ ಜೋರಾಗಿ ದೂರುವಂತಿಲ್ಲ.

ತಕ್ಕಡಿಯಲ್ಲಿ ಇಡೋಣ. ಕೊರೋನಾದಲ್ಲಿ ಎಪ್ಪತ್ತು ದಾಟಿದವರ ಸಾವಿನ ಅಪಾಯ ಇಪ್ಪತ್ತರ ಹುಡುಗರಿಗಿಂತ ಹತ್ತಾರು ಪಟ್ಟು. ಸಕ್ಕರೆ ಕಾಯಿಲೆ ಇದ್ದರೆ ಸುಮಾರು ಎರಡು ಪಟ್ಟು. ಒ ಗುಂಪಿನ ಲಾಭವನ್ನು ಅತಿ ಉದಾರವಾಗಿ ಲೆಕ್ಕ ಹಾಕಿದ ಅಧ್ಯಯನದಲ್ಲೂ ಮೂರನೇ ಒಂದು ಭಾಗದಷ್ಟು ಕಡಿತ ಅಷ್ಟೇ. ಆ ನಮ್ಮ ಸದಸ್ಯರ ವಯಸ್ಸು ಒಂದು ತಟ್ಟೆಯಲ್ಲಿ, ಸಕ್ಕರೆ ಕಾಯಿಲೆ ಅದೇ ತಟ್ಟೆಯಲ್ಲಿ, ಏಳು ದಿನದ ತಡವೂ ಅದೇ ತಟ್ಟೆಯಲ್ಲಿ. ಇನ್ನೊಂದು ತಟ್ಟೆಯಲ್ಲಿ ನಾನು ಕಳಿಸಿದ ಆ ಒಂದು ಸಾಲು.

ಇನ್ನೂ ಒಂದು ಮಾತು. ಎಲ್ಲ ಕಾಯಿಲೆಗೂ ಒಳ್ಳೆಯದಾದ ಗುಂಪು ಎಂಬುದೇ ಇಲ್ಲ. ತೀವ್ರ ಮಲೇರಿಯಾದಿಂದ ಒ ಗುಂಪು ಸ್ವಲ್ಪ ಕಾಪಾಡುತ್ತದೆ. ಅದೇ ಒ ಗುಂಪಿನವರಿಗೆ ಕಾಲರಾ ಬಂದರೆ ಉಳಿದವರಿಗಿಂತ ಜೋರಾಗಿ ಬರುತ್ತದೆ. ನಿಮ್ಮ ಅಜ್ಜಿ ಮಲೇರಿಯಾದಿಂದ ಉಳಿದದ್ದೂ ಅಜ್ಜಿಯ ತಂಗಿ ಕಾಲರಾಕ್ಕೆ ಹೋದದ್ದೂ ಒಂದೇ ಗುಂಪಿನಿಂದ ಇರಬಹುದು.

ಈಗ ಡೆಂಗಿ. ಸೊಳ್ಳೆ ವಿಷಯದಲ್ಲಿ ನಮ್ಮ ಊರಿಗೆ ದೊಡ್ಡ ಹೆಸರಿದೆ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ 1897ರ ಆಗಸ್ಟ್ 20ರಂದು ರೋನಾಲ್ಡ್ ರಾಸ್ ಸಾಕ್ಷಿ ಕಂಡದ್ದು ಇಲ್ಲೇ ಸಿಕಂದರಾಬಾದಿನಲ್ಲಿ. ನಲ್ಲಕುಂಟದ ಫೀವರ್ ಆಸ್ಪತ್ರೆಗೆ ಅವರದೇ ಹೆಸರು. ಡೆಂಗಿಯ ಸೊಳ್ಳೆ ಬೇರೆ, ಅದು ಹಗಲು ಕಚ್ಚುವಂಥದ್ದು, ನಮ್ಮ ಕೂಲರ್ ತಟ್ಟೆಯಲ್ಲಿ, ಹೂಕುಂಡದ ಕೆಳಗಿನ ಬಟ್ಟಲಲ್ಲಿ ಮರಿ ಹಾಕುವಂಥದ್ದು. ಒ ಗುಂಪಿನವರಿಗೆ ಒಂದು ಸುದ್ದಿ: ಜಪಾನಿನಲ್ಲಿ ಇದೇ ಕುಲದ ಸೊಳ್ಳೆಯನ್ನು ಬಿಟ್ಟು ನೋಡಿದಾಗ ಅದು ಎ ಗುಂಪಿನವರಿಗಿಂತ ಒ ಗುಂಪಿನವರ ಮೇಲೇ ಹೆಚ್ಚು ಕೂತಿತಂತೆ. ಎಬಿಯವರು ನಗುವುದು ಬೇಡ. ಎರಡನೆಯ ಬಾರಿ ಡೆಂಗಿ ಬಂದಾಗ ಎಬಿ ಗುಂಪಿನವರಲ್ಲಿ ಕಾಯಿಲೆ ತೀವ್ರವಾಗುವುದು ಹೆಚ್ಚು ಎಂದು 2007ರಲ್ಲಿ ಥಾಯ್ಲೆಂಡಿನ ವೈದ್ಯರು ಬರೆದಿದ್ದಾರೆ.

ಆ ಸಾಲಿನಲ್ಲಿ ನೀವು ನೆನಪಿಡಬೇಕಾದ ಮಾತು "ಎಬಿ" ಅಲ್ಲ, "ಎರಡನೆಯ ಬಾರಿ". ಡೆಂಗಿಯಲ್ಲಿ ನಾಲ್ಕು ಬಗೆಯ ವೈರಸ್ ಇವೆ. ಒಂದು ಬಗೆ ಬಂದು ಹೋದ ಮೇಲೆ ಇನ್ನೊಂದು ಬಗೆ ಬಂದರೆ ಕಾಯಿಲೆ ಮೊದಲಿಗಿಂತ ಕಠಿಣವಾಗುವ ಸಂಭವ ಹೆಚ್ಚು, ಗುಂಪು ಯಾವುದೇ ಇರಲಿ. ಆದ್ದರಿಂದ ದವಾಖಾನೆಗೆ ಹೋದಾಗ ನಿಮ್ಮ ರಕ್ತದ ಗುಂಪು ಹೇಳುವ ಮೊದಲು "ನನಗೆ ಹಿಂದೆ ಒಮ್ಮೆ ಡೆಂಗಿ ಬಂದಿತ್ತು" ಎಂದು ಹೇಳಿ. ಜ್ವರ ಇಳಿಯಿತು ಎಂದು ನೆಮ್ಮದಿಯಾಗುವ ಆ ಎರಡು ದಿನವೇ ಅಪಾಯದ ದಿನ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ಮೂಗಿನಲ್ಲಿ ರಕ್ತ, ಮಂಕು, ಚಡಪಡಿಕೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ ಹೊರಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಪಪ್ಪಾಯಿ ಎಲೆಯ ರಸವನ್ನು ನಂಬಿ ಮನೆಯಲ್ಲಿ ಕೂರಬೇಡಿ.

ಪ್ಲೇಟ್‌ಲೆಟ್ ಬಗ್ಗೆ. ಪ್ರತಿ ವರ್ಷ ನಮ್ಮ ಗುಂಪಿನಲ್ಲಿ ಮಧ್ಯರಾತ್ರಿ ಸಂದೇಶ ಬರುತ್ತದೆ: "ಅರ್ಜೆಂಟ್, ಪ್ಲೇಟ್‌ಲೆಟ್ 45 ಸಾವಿರ, ದಾನಿ ಬೇಕು." ರಕ್ತ ಹರಿಯದಿದ್ದರೆ, ಹತ್ತು ಸಾವಿರದ ಕೆಳಗೆ ಇಳಿಯುವ ತನಕ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಡೆಂಗಿಯಲ್ಲಿ ಜೀವ ಉಳಿಸುವುದು ಮುಖ್ಯವಾಗಿ ಅಳೆದು ಕೊಡುವ ದ್ರವ ಮತ್ತು ಗಂಟೆಗಂಟೆಗೂ ನೋಡುವ ಕಣ್ಣು. ಸಂಖ್ಯೆಗೆ ಹೆದರಿ ದುಡ್ಡು ಸುರಿಯಬೇಡಿ. ಆದರೆ ನಿಜವಾಗಿ ಬೇಕಾದಾಗ ಬೇಕೇ ಬೇಕು, ಕೂಡಲೇ ಬೇಕು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಕಪಾಟಿನಲ್ಲಿ ಕೂಡಿಡಲು ಆಗುವುದಿಲ್ಲ. ಅವತ್ತಿನ ದಿನ ಯಾರು ಬರುತ್ತಾರೋ ಅವರೇ ದಾನಿ. ಇಲ್ಲೊಂದು ವಿಚಿತ್ರ ಗಮನಿಸಿ. ಪ್ಲೇಟ್‌ಲೆಟ್‌ಗೆ ಅದೇ ಗುಂಪು ಸಿಕ್ಕರೆ ಉತ್ತಮ, ಸಿಗದಿದ್ದರೆ ಬೇರೆ ಗುಂಪಿನದೂ ವೈದ್ಯರ ತೀರ್ಮಾನದಂತೆ ನಡೆಯುತ್ತದೆ. ಕೆಂಪು ರಕ್ತಕ್ಕೆ ಮಾತ್ರ ಆ ಸಡಿಲ ಇಲ್ಲ. ತಪ್ಪು ಗುಂಪು ಏರಿಸಿದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಬರಬಹುದು. ವೈರಸ್ ವಿಷಯದಲ್ಲಿ ನೂರಕ್ಕೆ ಮೂರು ನಾಲ್ಕು ಜನರ ವ್ಯತ್ಯಾಸ ಮಾಡುವ ರಕ್ತದ ಗುಂಪು, ಇಲ್ಲಿ ಬಂದಾಗ ಬದುಕು ಸಾವಿನ ವ್ಯತ್ಯಾಸ ಮಾಡುತ್ತದೆ. ನಮ್ಮ ಜನ ಮೊದಲನೆಯದರ ಬಗ್ಗೆ ನನ್ನನ್ನು ಸಾವಿರ ಸಲ ಕೇಳಿದ್ದಾರೆ, ಎರಡನೆಯದರ ಬಗ್ಗೆ ಕೇಳಿದವರು ಬೆರಳೆಣಿಕೆ.

ಗುಂಪು ಎಷ್ಟು ಸೂಕ್ಷ್ಮ ಎಂಬುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಕೊಟ್ಟು ಬಿಡುತ್ತೇನೆ. ಆ ಮೊದಲು ಹೇಳಿದ ಬರಿಯ ದಾರವೂ ಇಲ್ಲದ ಜನ ಇದ್ದಾರೆ ಎಂದು 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ತೋರಿಸಿದರು. ಅದೇ ಬಾಂಬೆ ಗುಂಪು. ಮೇಲ್ನೋಟದ ಪರೀಕ್ಷೆಯಲ್ಲಿ ಒ ಎಂದೇ ಕಾಣುತ್ತದೆ, ಆದರೆ ಒ ರಕ್ತ ಏರಿಸಿದರೆ ಅವರಿಗೆ ಅಪಾಯ. ಇತ್ತೀಚಿನದು ಕೋಲಾರದ್ದು. ಹೃದಯದ ಶಸ್ತ್ರಚಿಕಿತ್ಸೆಗೆ ಸೇರಿದ ಕೋಲಾರ ಕಡೆಯ ಒಬ್ಬ ಮಹಿಳೆಯ ರಕ್ತ ಒ ಪಾಸಿಟಿವ್. ಆದರೆ ಯಾವ ಒ ಪಾಸಿಟಿವ್ ರಕ್ತವೂ ಹೊಂದಲಿಲ್ಲ. ಮನೆಯ ಇಪ್ಪತ್ತು ಜನರ ರಕ್ತ ನೋಡಿದರು, ಯಾರದೂ ಹೊಂದಲಿಲ್ಲ. ವೈದ್ಯರು ಎದೆಗಾರಿಕೆಯಿಂದ ರಕ್ತ ಏರಿಸದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದವರು ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಕಳಿಸಿ, ಹತ್ತು ತಿಂಗಳ ಸಂಶೋಧನೆಯ ನಂತರ, ಅದುವರೆಗೆ ಜಗತ್ತಿನಲ್ಲಿ ಯಾರಲ್ಲೂ ಕಂಡಿರದ ಹೊಸ ಗುರುತು ಎಂದು ತೀರ್ಮಾನವಾಯಿತು. 2025ರ ಜೂನ್‌ನಲ್ಲಿ ಅದಕ್ಕೆ ಕ್ರಿಬ್ ಎಂದು ಹೆಸರಿಟ್ಟರು. ಕ್ರೋಮರ್ ಎಂಬ ರಕ್ತವ್ಯವಸ್ಥೆಯದು, ಇಂಡಿಯಾದ್ದು, ಬೆಂಗಳೂರಿನದು, ಈ ಮೂರೂ ಸೇರಿ ಆ ಹೆಸರು. ಕ್ರೋಮರ್ ಗುರುತುಗಳಿರುವ ಪ್ರೋಟೀನನ್ನೇ ಹಿಡಿದುಕೊಂಡು ಹಲವು ಎಕೋ ವೈರಸ್ಸುಗಳು, ಕಣ್ಣುಬೇನೆ ತರುವ ಒಂದು ಎಂಟರೋವೈರಸ್ ನಮ್ಮ ಜೀವಕೋಶ ಹೊಕ್ಕುತ್ತವೆ. ರಕ್ತದ ಗುಂಪಿಗೂ ವೈರಸ್ಸಿಗೂ ಇರುವ ನಂಟು ತಿರುಗಿ ಇಲ್ಲಿಯೂ ಬಂತು ನೋಡಿ. ಆದರೆ ಆ ಹೆಣ್ಣುಮಗಳಿಗೆ ಅವತ್ತು ಬೇಕಾಗಿದ್ದು ಆ ಜ್ಞಾನವಲ್ಲ, ಒಂದು ಬಾಟಲಿ ಹೊಂದುವ ರಕ್ತ.

ಆದ್ದರಿಂದ ಕಾರ್ಯದರ್ಶಿಗಳು ಹೇಳಿದ ವಿಷಯ. ನಿಧಿಯ ಹಣ ಈ ಮಳೆಗಾಲದಲ್ಲಿ ಹೋಗುವುದು ಮೂರು ಕಡೆ. ಕೈಯಲ್ಲಿ ಕಾಸಿಲ್ಲದೆ ಪರೀಕ್ಷೆ ಮುಂದೂಡುವವರ ಮೊದಲ ದಿನದ ಪರೀಕ್ಷೆಗೆ. ಆಸ್ಪತ್ರೆ ಕೇಳುವ ಮುಂಗಡಕ್ಕೆ. ಮತ್ತು ಒಬ್ಬ ದಾನಿಯಿಂದ ಪ್ಲೇಟ್‌ಲೆಟ್ ತೆಗೆಯುವ ಕಿಟ್ಟಿಗೆ, ಅದರ ಬೆಲೆಯೇ ಸಾವಿರಗಟ್ಟಲೆ. ಇವುಗಳಲ್ಲಿ ಮೊದಲನೆಯದಕ್ಕೆ ಹೆಚ್ಚು ಇಡಿ ಎಂದು ಸಮಿತಿಯನ್ನು ಕೇಳಿದ್ದೇನೆ. ಹೋಟೆಲಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರು, ಕಲಬುರಗಿ ಬೀದರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಐದನೆಯ ದಿನ ಬರುತ್ತಾರೆ. ಯಾಕೆಂದರೆ ಮೊದಲ ದಿನ ಬಂದರೆ ಅವತ್ತಿನ ಕೂಲಿ ಹೋಗುತ್ತದೆ. ಅವರಿಗೆ ಒ ಗುಂಪಿನ ಸುಳ್ಳು ಧೈರ್ಯವೂ ಬೇಕಿಲ್ಲ.

ಹಣ ಕೊಡಲಾಗದವರು ಹೆಸರು ಕೊಡಿ. ದಾನಿಗಳ ಹೊಸ ಪಟ್ಟಿ ಮಾಡುತ್ತಿದ್ದೇವೆ. ಹದಿನೆಂಟರಿಂದ ಅರವತ್ತೈದರ ಒಳಗಿನವರು, 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಇದ್ದರೆ ಸಾಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಪ್ಲೇಟ್‌ಲೆಟ್ ಕೊಡುವವರಿಗೆ ತೂಕ 50 ಕಿಲೋ ಇರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ತಿಂದಿರಬಾರದು, ಒಂದೂವರೆ ಎರಡು ಗಂಟೆ ಕೂರುವ ತಾಳ್ಮೆ ಬೇಕು. ನೆಗೆಟಿವ್ ಗುಂಪಿನವರು ದಯವಿಟ್ಟು ಹೆಸರು ಬರೆಸಿ, ನೀವು ನೂರಕ್ಕೆ ಐದು ಜನ. ಡೆಂಗಿ ಇಲ್ಲದ ತಿಂಗಳುಗಳಲ್ಲಿ ನಿಮ್ಮ ರಕ್ತ ವ್ಯರ್ಥವಾಗುವುದಿಲ್ಲ. ನಮ್ಮೂರಿನಲ್ಲಿ ಥಲಸೀಮಿಯಾ ಇರುವ ಎಷ್ಟೋ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕು, ಅವರಿಗೆ ಮಳೆಗಾಲ ಬೇಸಿಗೆ ಎಂದಿಲ್ಲ.

ಪಟ್ಟಿಯ ಮೊದಲ ಹೆಸರು ಆಗಲೇ ಬಂದಿದೆ. 2021ರಲ್ಲಿ ರಾತ್ರಿ ನನಗೆ ಫೋನ್ ಮಾಡಿದ ಆ ಹುಡುಗನದು. ಅಪ್ಪನದೇ ಗುಂಪು. ಈಗ ಮೂರು ಸಲ ಪ್ಲೇಟ್‌ಲೆಟ್ ಕೊಟ್ಟಿದ್ದಾನೆ. ಅವನೇ ಇವತ್ತು ಬಾಗಿಲ ಬಳಿಯ ಮೇಜಿನಲ್ಲಿ ಫಾರಂ ಹಿಡಿದು ಕೂತಿದ್ದಾನೆ. ಗುಂಪಿನ ಕಾಲಂನಲ್ಲಿ ನೆನಪಿನಿಂದ ಬರೆಯಬೇಡಿ, ರಿಪೋರ್ಟು ನೋಡಿ ಬರೆಯಿರಿ. ಶಾಲೆಯ ಗುರುತಿನ ಚೀಟಿಯಲ್ಲಿದ್ದ ಗುಂಪು ತಪ್ಪೆಂದು ನನ್ನ ಮೇಜಿಗೆ ಬಂದ ಮೇಲೆ ಗೊತ್ತಾದವರು ಎಷ್ಟೋ ಜನ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ನಾನು ಸಾಮಾನು ತಂದಿದ್ದೇನೆ, ಊಟಕ್ಕೆ ಮೊದಲು ಬೆರಳು ಕೊಟ್ಟರೆ ಐದು ನಿಮಿಷದಲ್ಲಿ ಹೇಳುತ್ತೇನೆ. ಫೋನ್ ನಂಬರು ಬದಲಾಗಿದ್ದರೆ ಹೊಸದನ್ನು ಬರೆಯಿರಿ. ಪೆನ್ನು ಎರಡೇ ಇವೆ, ಯಾರೂ ಜೇಬಿಗೆ ಸಿಕ್ಕಿಸಿಕೊಂಡು ಹೋಗಬೇಡಿ.